ಪಾದದ ಮೆಲನೋಮಾಗೆ ಯಾವ ರಕ್ತಪರೀಕ್ಷೆ? ವೈದ್ಯಕೀಯ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರಗಳು.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ನಿಮ್ಮ ಇಲಾಖೆಗೆ ಸೇರಿದ್ದು. ಅದಕ್ಕೇ ಈ ಪತ್ರ ನಿಮಗೆ. ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರ್ ಆಪರೇಷನ್ ಆದಮೇಲೆ ಮತ್ತೆ ಬರುತ್ತದಾ ಅಂತ ರಕ್ತ ನೋಡಿ ಮೊದಲೇ ಹೇಳಬಹುದು ಎಂಬ ಸುದ್ದಿ ಓದಿರುತ್ತೀರಿ. ನಾಳೆ ಯಾರಾದರೂ ಅದರ ಕಿಟ್ ಹಿಡಿದುಕೊಂಡು ನಿಮ್ಮ ಕಚೇರಿಗೂ ಬರಬಹುದು. ಸಹಿ ಹಾಕುವ ಮುಂಚೆ ದಯವಿಟ್ಟು ಒಂದು ಮಾತು ಕೇಳಿ: ಈ ಪರೀಕ್ಷೆ ರಕ್ತದಲ್ಲಿ ಹುಡುಕುವುದು ಏನನ್ನು?

ಸುದ್ದಿಯೇನೋ ನಿಜ. 2025ರಲ್ಲಿ ಲ್ಯಾನ್ಸೆಟ್ ಆಂಕಾಲಜಿ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಮೂರನೇ ಹಂತದ ಮೆಲನೋಮಾಗೆ ಆಪರೇಷನ್ ಆದ ಸುಮಾರು 600 ಜನರ ರಕ್ತ ನೋಡಿದ್ದರು. ಗಡ್ಡೆಯ ಜೀವಕೋಶ ಸತ್ತಾಗ ಅದರ ಡಿಎನ್‌ಎ ಚೂರುಗಳು ರಕ್ತಕ್ಕೆ ಸೇರುತ್ತವೆ. ಗಡ್ಡೆ ತೆಗೆದಮೇಲೂ ಚೂರು ಸಿಕ್ಕಿದರೆ ಎಲ್ಲೋ ಕ್ಯಾನ್ಸರ್ ಉಳಿದಿದೆ ಅಂತ ಲೆಕ್ಕ. ನೂರಕ್ಕೆ 13 ಜನರಲ್ಲಿ ಹಾಗೆ ಸಿಕ್ಕಿತು. ಅವರಲ್ಲಿ ನೂರಕ್ಕೆ ಸುಮಾರು 80 ಮಂದಿಗೆ ಕಾಯಿಲೆ ಮರುಕಳಿಸಿತು. ಚೂರು ಸಿಗದವರಲ್ಲೂ ಎಷ್ಟೋ ಜನರಿಗೆ ಮರುಕಳಿಸಿತು. ಮಾರಾಟಕ್ಕೆ ಬರುವವರು ಇದನ್ನು ಜೋರಾಗಿ ಹೇಳುವುದಿಲ್ಲ ಬಿಡಿ.

ಆ 600 ಜನರ ಗಡ್ಡೆಯಲ್ಲೂ ಬಿರಾಫ್ ಎಂಬ ಜೀನ್ ಕೆಟ್ಟಿತ್ತು. ಪರೀಕ್ಷೆ ಹುಡುಕಿದ್ದು ಆ ಬದಲಾವಣೆಯನ್ನೇ. ಬಿಸಿಲಿಗೆ ಸುಡುವ ಬಿಳಿ ಚರ್ಮದವರ ಮೆಲನೋಮಾದಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅದು ಇರುತ್ತದೆ. ನಮ್ಮಲ್ಲಿ ಮೆಲನೋಮಾ ಅಪರೂಪ. ಬಂದರೆ ಜಾಸ್ತಿ ಕಾಣುವುದು ಅಂಗಾಲಲ್ಲಿ, ಹಿಮ್ಮಡಿಯಲ್ಲಿ, ಉಗುರಿನ ಕೆಳಗೆ. ಅಂಥ ಗಡ್ಡೆಗಳಲ್ಲಿ ಬಿರಾಫ್ ಕೆಟ್ಟಿರುವುದು ಕಡಿಮೆ. ಕೆಲವರಲ್ಲಿ ಕಿಟ್ (KIT) ಎಂಬ ಬೇರೆ ಜೀನ್ ಕೆಟ್ಟಿರುತ್ತದೆ. ಗಡ್ಡೆಯಲ್ಲೇ ಇಲ್ಲದ್ದನ್ನು ರಕ್ತದಲ್ಲಿ ಹುಡುಕಿದರೆ ರಿಪೋರ್ಟ್ ಏನು ಬರುತ್ತದೆ ಹೇಳಿ? ನೆಗೆಟಿವ್. ರೋಗಿ ಖುಷಿಯಾಗಿ ಊರಿಗೆ ಹೋಗುತ್ತಾರೆ.

ಈ ಖುಷಿ ಎಂಥದ್ದು ಅಂತ ನಮ್ಮ ಮನೆಗೆ ಗೊತ್ತು. ದೊಡ್ಡಮ್ಮನ ಹಿಮ್ಮಡಿಯ ಕಪ್ಪು ಗಾಯವನ್ನು ಎಲ್ಲರೂ ಆಣಿ ಅಂದುಕೊಂಡಿದ್ದರು. ಬಯಾಪ್ಸಿಯಲ್ಲಿ ಮೆಲನೋಮಾ ಅಂತ ಬಂತು, ಆಪರೇಷನ್ ಆಯಿತು. ಆಮೇಲೆ ತೋರಿಸಲು ಹೋದಾಗೆಲ್ಲ ಆಸ್ಪತ್ರೆಯಲ್ಲಿ ಎಲ್‌ಡಿಎಚ್ ಎಂಬ ರಕ್ತಪರೀಕ್ಷೆ ಮಾಡಿಸುತ್ತಿದ್ದರು. ರಿಪೋರ್ಟ್ ನಾರ್ಮಲ್, 'ಏನೂ ಇಲ್ಲ, ಹೋಗಿಬನ್ನಿ.' ಕಾಲಿನ ಮೆಲನೋಮಾ ಹರಡಿದರೆ ಸಾಮಾನ್ಯವಾಗಿ ಮೊದಲು ಗಂಟು ಕಾಣುವುದು ತೊಡೆಸಂದಿಯಲ್ಲಿ. ಅದನ್ನು ಯಾರೂ ಮುಟ್ಟಿ ನೋಡಲಿಲ್ಲ. ಅಲ್ಲಿ ಗಂಟು ಸಿಕ್ಕಿದ್ದು ಸ್ನಾನ ಮಾಡುವಾಗ ಅವರ ಕೈಗೇ. ಆ ವಾರದ ಎಲ್‌ಡಿಎಚ್ ಕೂಡ ನಾರ್ಮಲ್ಲೇ!

ನಾನು ಲ್ಯಾಬ್‌ನಲ್ಲಿ ಕೆಲಸ ಮಾಡುವವಳು. ಎಲ್‌ಡಿಎಚ್ ಏರುವುದು ಸಾಮಾನ್ಯವಾಗಿ ಕಾಯಿಲೆ ಚೆನ್ನಾಗಿ ಹರಡಿದ ಮೇಲೆ. ಲಿವರ್ ತೊಂದರೆ ಇದ್ದರೂ ಏರುತ್ತದೆ. ಬಸ್ಸಿನಲ್ಲಿ ಕುಲುಕಿಕೊಂಡು ಬಂದ ಟ್ಯೂಬಿನಲ್ಲಿ ರಕ್ತಕಣ ಒಡೆದರೂ ಏರುತ್ತದೆ. ಡಿಎನ್‌ಎ ಚೂರಿನದ್ದು ಇನ್ನೂ ನಾಜೂಕು. ಮಾಮೂಲಿ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ತೆಗೆದರೆ ಕೆಲವೇ ಗಂಟೆಯೊಳಗೆ ಪ್ಲಾಸ್ಮಾ, ಅಂದರೆ ರಕ್ತದ ದ್ರವ ಭಾಗ, ಬೇರೆ ಮಾಡಬೇಕು. ಇಲ್ಲದಿದ್ದರೆ ಬಿಳಿ ರಕ್ತಕಣಗಳು ಒಡೆದು, ಅವುಗಳ ಡಿಎನ್‌ಎ ರಾಶಿಯಲ್ಲಿ ಗಡ್ಡೆಯ ಚೂರು ಕಳೆದೇ ಹೋಗುತ್ತದೆ. ದಿನಗಟ್ಟಲೆ ತಡೆಯುವ ಬೇರೆ ಟ್ಯೂಬುಗಳಿವೆ, ಆದರೆ ದುಬಾರಿ. ಬೀದರ್‌ನಲ್ಲೋ ರಾಯಚೂರಿನಲ್ಲೋ ರಕ್ತ ತೆಗೆದು ಬೆಂಗಳೂರಿಗೆ ಕಳಿಸುವುದಾದರೆ ಅದನ್ನೂ ಯೋಚಿಸಬೇಕು, ಅಲ್ವಾ?

ಹಾಗಂತ ರಕ್ತಪರೀಕ್ಷೆ ಬೇಡ ಅನ್ನುತ್ತಿಲ್ಲ. ಕೆಲಸ ಗಡ್ಡೆಯಿಂದ ಶುರುವಾಗಲಿ ಅಂತಿದ್ದೇನೆ. ತೆಗೆದ ಗಡ್ಡೆಯನ್ನು ಮೇಣದ ಬ್ಲಾಕ್ ಮಾಡಿ ಇಡುತ್ತಾರಲ್ಲ, ಆ ಬ್ಲಾಕಿನಿಂದ ಯಾವ ಜೀನ್ ಕೆಟ್ಟಿದೆ ಅಂತ ಮೊದಲು ತಿಳಿಯಬೇಕು. ರಕ್ತದಲ್ಲಿ ಅದನ್ನೇ ಹುಡುಕಬೇಕು. ಆ ಜೀನ್ ಪರೀಕ್ಷೆಯ ಪೂರ್ತಿ ಖರ್ಚು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಸಿಗುವಂತೆ ಮಾಡಿ. ಪಾದದ ಮೆಲನೋಮಾ ಇರುವವರ ರಕ್ತವನ್ನು ಆಪರೇಷನ್‌ಗೆ ಮುಂಚೆ ಒಮ್ಮೆ, ಆಮೇಲೆ ಪ್ರತಿ ಮೂರು ತಿಂಗಳಿಗೊಮ್ಮೆ ತೆಗೆದಿಟ್ಟು ನೋಡುವ ಅಧ್ಯಯನಕ್ಕೆ ಕಿದ್ವಾಯಿಗೆ ಹಣ ಕೊಡಿ. ರಿಪೋರ್ಟ್ ಪಾಸಿಟಿವ್ ಬಂದವರಿಗೆ ಸ್ಕ್ಯಾನ್ ಮತ್ತು ಔಷಧಿ ಎಲ್ಲಿಂದ ಅನ್ನುವುದೂ ಆ ಹಣದಲ್ಲೇ ತೀರ್ಮಾನವಾಗಲಿ. ಔಷಧಿಯಿಲ್ಲದೆ ಸುಮ್ನೆ ಕೆಟ್ಟ ಸುದ್ದಿಯನ್ನು ಬೇಗ ಹೇಳಿ ಏನು ಮಾಡೋಣ?

ಅಲ್ಲಿಯವರೆಗೆ ದುಡ್ಡಿಲ್ಲದ ಒಂದು ಆದೇಶ ಸಾಕು. ಕಾಲಿನ ಮೆಲನೋಮಾ ಆಪರೇಷನ್ ಆದವರು ತೋರಿಸಲು ಬಂದಾಗೆಲ್ಲ, ಎಲ್‌ಡಿಎಚ್ ಎಷ್ಟೇ ಇರಲಿ, ಡಾಕ್ಟರು ತೊಡೆಸಂದಿ ಮುಟ್ಟಿ ನೋಡಿ ಫೈಲಿನಲ್ಲಿ ಬರೆಯಬೇಕು.

ಇಂತಿ,
ದಾವಣಗೆರೆಯ ಒಬ್ಬ ಲ್ಯಾಬ್ ಟೆಕ್ನೀಷಿಯನ್