ಮಾವನೋರು ಬಾಜೂಕ ಕುಂತ್ರ ಕಾರ್ ಯಾಕ ಬಂದ್ ಬೀಳ್ತದ?

ದೋಸ್ತ,

ಶರಣು. ಜಗತ್ ಸರ್ಕಲ್‌ದಾಗ ಕಾರ್ ಮತ್ತ ಮತ್ತ ಬಂದ್ ಬಿದ್ದದ್ದು, ಹಿಂದಿನವರು ಹಾರ್ನ್ ಹೊಡದದ್ದು, ಬಾಜೂಕ ಕುಂತ ಮಾವನೋರು ತುಟಿ ಪಿಟಕ್ ಅನ್ನದೇ ಕಿಡಕಿ ಹೊರಗ ನೋಡಿದ್ದು ಎಲ್ಲಾ ನಿನ್ನ ಪತ್ರದಾಗ ಓದಿ ನಗು ಬಂತು. ಕಾರ್ ಈಗಷ್ಟೇ ಕಲೀಲತ್ತೀದಿ, ಸಿಟ್ಟಾಗಬ್ಯಾಡ. ಆದ್ರ ಕಡೀಕ "ನಾ ಮೊದಲಿಂದ ಪುಕ್ಕಲನೇ ಬಿಡು" ಅಂತ ಬರದೀಯಲ್ಲ, ಅದನ್ನ ನಾ ಒಪ್ಪಂಗಿಲ್ಲ. ಶರಣಬಸವೇಶ್ವರ ಜಾತ್ರಿ ಗದ್ದಲದಾಗ ನೀ ಬೈಕ್ ಹೊಡಿಯೋದು ನಾ ನೋಡೀನಿ. ನಾಕ್ ಮಂದಿ ನೋಡ್ಲತ್ತಾರಂದ್ರ ನಿನ್ನ ಕೈ ಇನ್ನೂ ಚಲೋ ಓಡ್ತದ. ಪುಕ್ಕಲಗ ಅದು ಆಗ್ತದೇನು?

ರಾಬರ್ಟ್ ಝಾಯನ್ಸ್ ಅನ್ನೋ ಮನಶ್ಶಾಸ್ತ್ರಜ್ಞ 1965ರಾಗೇ ಇದನ್ನ ಬಿಡಿಸಿ ಹೇಳ್ಯಾನ. ಮಂದಿ ಎದುರಿಗಿದ್ರ ಮೈ ಚುರುಕಾಗ್ತದ. ಚುರುಕಾದ ಮೈ, ತನಗ ಯಾವುದು ಜಾಸ್ತಿ ರೂಢಿ ಅದನೋ ಅದನ್ನೇ ಮಾಡಿಬಿಡ್ತದ. ಪಳಗಿದ ಕೆಲಸದಾಗ ರೂಢಿ ಇದ್ದದ್ದೇ ಸರಿ. ಹೊಸಾ ಕೆಲಸದಾಗ ಅದೇ ತಪ್ಪು. ನಿನ್ನ ಎಡಗಾಲನ್ನೇ ತಗೋ: ಇಷ್ಟು ವರ್ಷ ಬೈಕಿನ ಗೇರ್ ಒತ್ತಿ ಪಟಕ್ಕನ ಬಿಟ್ಟದ್ದೇ ಅದಕ್ಕ ಗೊತ್ತು. ಕಾರಿನ್ಯಾಗ ಅದೇ ಕಾಲು ಕ್ಲಚ್ ಮ್ಯಾಲಿಂದ ಸಾವಕಾಶ ಏಳಬೇಕು. ಮಾವನೋರು ಕುಂತ್ರು, ಕಾಲು ಹಳೇ ಚಾಳಿ ತೋರಿಸ್ತು.

ಝಾಯನ್ಸ್ ಮತ್ತವನ ಜೊತಿಗಾರರು 1969ರಾಗ ಜಿರಳೆ ಓಡಿಸಿ ನೋಡಿದ್ರು, ಖರೇ! ನೋಡ್ಲಿಕ್ಕೂ ಜಿರಳೆಗಳನ್ನೇ ಕೂಡಿಸಿದ್ರು. ನೆಟ್ಟನ ದಾರ್ಯಾಗ ಬ್ಯಾರೆ ಜಿರಳೆ ಇದ್ದಾಗ ಓಟ ಜೋರಾಯ್ತು, ತಿರುವಿನ ದಾರ್ಯಾಗ ತಡಾ ಆಯ್ತು. ಜಿರಳೆಗೆ ಯಾವ ಮಾವ, ಯಾವ ಮರ್ಯಾದಿ?

ಮನುಷ್ಯಾರ ಲೆಕ್ಕನೂ ಅದ. ಅಮೆರಿಕಾದಾಗ ಪೂಲ್ (ಮೇಜಿನ ಮ್ಯಾಲೆ ಕೋಲಿಂದ ಚೆಂಡು ಹೊಡಿಯೋ ಆಟ) ಆಡೋರ ಹತ್ರ ಮಂದಿ ಹೋಗಿ ನಿಂತಾಗ, ಚಲೋ ಆಡೋರ ಗುರಿ ನೂರಕ್ಕ 71ರಿಂದ 80ಕ್ಕ ಏರ್ತು, ಕಚ್ಚಾ ಆಟಗಾರರದ್ದು 36ರಿಂದ 25ಕ್ಕ ಇಳೀತು. ಇದು 1982ರ ಮಾತು. ನಮ್ಮ ಮನ್ಯಾಗೂ ಅಷ್ಟೇ. ಬೀಗರು ಬಂದು ಒಲಿ ಮುಂದ ಕುಂತ್ರ ಅವ್ವನ ರೊಟ್ಟಿ ಇನ್ನೂ ತೆಳ್ಳಗ ಆಗ್ತದ. ನನ್ನ ಹೆಂಡ್ತಿ ಶಿವಮೊಗ್ಗದಾಕಿ, ಅವ್ವ ಹಿಂದ ನಿಂತ್ರ ಸಾಕು, ರೊಟ್ಟಿ ಹರೀತದ. ಅಡಿಗಿಮನ್ಯಾಗ ಒಬ್ಬಾಕೀನೇ ಇದ್ರ ಚಲೋನೇ ಬಡೀತಾಳ.

ಇನ್ನೊಂದು ಪ್ರಯೋಗದಾಗ, 1968ರಾಗ, ಎದುರಿಗೆ ಕುಂತವರ ಕಣ್ಣಿಗೆ ಪಟ್ಟಿ ಕಟ್ಟಿದ್ರು. ಆಗ ಅವರು ಇದ್ರೂ ಇಲ್ಲದಂಗೇ ಆಯ್ತು. ಅಂದ್ರ ಮಂದಿಗಿಂತ, ಅವರು ನಮ್ಮನ್ನ ತೂಗ್ಲತ್ತಾರ ಅನ್ನೋದೇ ಕಾಡ್ತದಂತ. ಹಂಗಾದ್ರ ಜಿರಳೆ ಕಥಿ ಏನು ಅಂತ ನೀ ಕೇಳ್ತಿ. ಪಂಡಿತರೂ ಅದಕ್ಕೇ ವಾದ ಮಾಡ್ಯಾರ. ನನಗನಸ್ತದ, ಎರಡೂ ಒಂದಿಷ್ಟು ಖರೇ.

ಎಲ್ ಬೋರ್ಡ್ ಇರೋತನಕ ಬಾಜೂಕ ಲೈಸೆನ್ಸ್ ಇದ್ದವರು ಬೇಕೇ ಬೇಕು. ಮಾವನೋರಿಗೆ ಸ್ವಲ್ಪ ದಿನ ಬಿಡುವು ಕೊಡು. ಆಯ್ತವಾರ ಮುಂಜಾನೆ, ರಿಂಗ್ ರೋಡ್ ಖಾಲಿ ಇರೋ ಹೊತ್ತಿಗೆ ನಾ ಬರ್ತೀನಿ. ಗಾಡಿ ಬಂದ್ ಬಿದ್ರೂ ನಾ ಏನೂ ಅನ್ನಂಗಿಲ್ಲ. ಪೆಟ್ರೋಲ್ ಖರ್ಚು ಮಾತ್ರ ನಿಂದು.

ನಿನ್ನ ದೋಸ್ತ,
ಕಲಬುರಗಿ