ಈಆರ್-ಆಲ್ಫಾ ಟ್ಯೂಬಿನ ಮೇಲಿನ ಸಂಖ್ಯೆ ಬದಲಾಗುತ್ತಿದೆ

ಮಾನ್ಯ ಗ್ರಾಹಕರೇ,

ನೀವು ನಮ್ಮಿಂದ ತರಿಸಿಕೊಳ್ಳುವ ಪೂರ್ಣ ಉದ್ದದ ಮಾನವ ಈಸ್ಟ್ರೋಜನ್ ರಿಸೆಪ್ಟರ್ ಆಲ್ಫಾ, ಅಂದರೆ ಈಸ್ಟ್ರೋಜನ್ ಹಾರ್ಮೋನನ್ನು ಹಿಡಿಯುವ ಈಆರ್-ಆಲ್ಫಾ ಪ್ರೋಟೀನ್, ಏಪ್ರಿಲ್ 1ರಿಂದ ಹೊಸ ಲೇಬಲ್, ಚಿಕ್ಕ ಟ್ಯೂಬ್ ಮತ್ತು ತುಸು ಬದಲಾದ ಬಫರ್‌ನೊಂದಿಗೆ ಬರುತ್ತದೆ. ಹಳೆಯ ಪ್ರೋಟೋಕಾಲ್‌ನಲ್ಲಿದ್ದಷ್ಟೇ ಮೈಕ್ರೋಲೀಟರ್ ಹೊಸ ಟ್ಯೂಬಿನಿಂದಲೂ ತೆಗೆದು ಬಳಸಿದರೆ ಲೆಕ್ಕ ತಪ್ಪುತ್ತದೆ. ಮೊದಲ ಟ್ಯೂಬ್ ಕರಗಿಸುವ ಮುಂಚೆ ಈ ಪತ್ರ ಓದಿ. ಬೆಂಚಿನ ಮುಂದೆ ಕೂರುವ ವಿದ್ಯಾರ್ಥಿಗಳ ಕೈಗೂ ಒಂದು ಪ್ರತಿ ಕೊಡಿ.

ಇದುವರೆಗೆ ಲೇಬಲ್ ಮೇಲೆ ಮಿಲಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಬರೆಯುತ್ತಿದ್ದೆವು. ಇನ್ನು ಮುಂದೆ ಹಾರ್ಮೋನನ್ನು ನಿಜವಾಗಿ ಹಿಡಿಯಬಲ್ಲ ರಿಸೆಪ್ಟರ್ ಎಷ್ಟಿದೆ ಎಂಬುದನ್ನು ಪಿಕೋಮೋಲ್‌ನಲ್ಲಿ, ಅಂದರೆ ತೂಕದ ಬದಲು ಅಣುಗಳ ಎಣಿಕೆಯಲ್ಲಿ, ಬರೆಯುತ್ತೇವೆ. ಕಾರಣ ಸರಳ. ಈ ಪ್ರೋಟೀನ್ 595 ಅಮೈನೋ ಆಮ್ಲಗಳ ಸರಪಳಿ, ತೂಕ ಸುಮಾರು 66 ಕಿಲೋಡಾಲ್ಟನ್. ಮಿಲಿಲೀಟರಿಗೆ 0.5 ಮಿಲಿಗ್ರಾಂ ಎಂದರೆ ಲೆಕ್ಕದ ಪ್ರಕಾರ 7.6 ಮೈಕ್ರೋಮೋಲಾರ್. ಆದರೆ ಪ್ರೋಟೀನ್ ಅಳೆಯಲು ಬಳಸುವ ಬ್ರಾಡ್‌ಫೋರ್ಡ್ ಬಣ್ಣಕ್ಕೆ ಸರಿಯಾಗಿ ಮಡಚಿಕೊಂಡ ಅಣು ಯಾವುದು, ಮುದ್ದೆಯಾದ ಅಣು ಯಾವುದು ಎಂಬ ಭೇದ ತಿಳಿಯದು. ಅದರಲ್ಲಿ ಶೇ. 60 ಸಕ್ರಿಯವಾಗಿದ್ದರೆ ನಿಮ್ಮ ಕೈಯಲ್ಲಿರುವುದು ಸುಮಾರು 4.5 ಮೈಕ್ರೋಮೋಲಾರ್, ಮುಂದಿನ ಲಾಟ್‌ನಲ್ಲಿ ಶೇ. 40 ಆದರೆ ಕೇವಲ 3. ಲೇಬಲ್ ಮಾತ್ರ ಎರಡರ ಮೇಲೂ ಒಂದೇ.

ಈ ವ್ಯತ್ಯಾಸವನ್ನು ಚಿಕ್ಕದೆಂದು ಬಿಡುವಂತಿಲ್ಲ. ಈಸ್ಟ್ರೋಜನ್ ಹಾರ್ಮೋನ್‌ಗಳಲ್ಲಿ ಮುಖ್ಯವಾದ ಎಸ್ಟ್ರಡಯಾಲ್ ಈ ರಿಸೆಪ್ಟರನ್ನು ಬಲು ಬಿಗಿಯಾಗಿ ಹಿಡಿಯುತ್ತದೆ. ಕೆಡಿ (ಅರ್ಧದಷ್ಟು ರಿಸೆಪ್ಟರ್ ತುಂಬಲು ಬೇಕಾದ ಸಾಂದ್ರತೆ) 0.2 ನ್ಯಾನೋಮೋಲಾರ್ ಎಂದಿಟ್ಟುಕೊಳ್ಳಿ, ಟ್ರೇಸರ್ (ಗುರುತು ಹಚ್ಚಿದ ಹಾರ್ಮೋನ್) 1 ನ್ಯಾನೋಮೋಲಾರ್ ಹಾಕಿದ್ದೀರಿ. ರಿಸೆಪ್ಟರ್ ತೀರಾ ಕಡಿಮೆ ಇದ್ದಾಗ ಎಸ್ಟ್ರಡಯಾಲ್‌ನ ಐಸಿ50 (ಅಂಟಿದ ಟ್ರೇಸರನ್ನು ಅರ್ಧಕ್ಕಿಳಿಸುವ ಸಾಂದ್ರತೆ) 1.2 ನ್ಯಾನೋಮೋಲಾರ್ ಬರಬೇಕು. ಪ್ಲೇಟಿನ ಅದೇ ಗುಳಿಯಲ್ಲಿ ಸಕ್ರಿಯ ರಿಸೆಪ್ಟರ್ 2 ನ್ಯಾನೋಮೋಲಾರ್ ಇದ್ದುಬಿಟ್ಟರೆ ಟ್ರೇಸರ್‌ನ ಬಹುಪಾಲು ಅದಕ್ಕೇ ಅಂಟಿಕೊಂಡು ಐಸಿ50 ಸುಮಾರು 3.3ಕ್ಕೆ ಏರುತ್ತದೆ. ಪ್ಲಾಸ್ಟಿಕ್‌ನಲ್ಲಿ ಬಳಸುವ ಬಿಸ್ಫಿನಾಲ್ ಎ ತರಹದ, ದುರ್ಬಲವಾಗಿ ಅಂಟುವ ವಸ್ತುವಿನ ಐಸಿ50 ಮಾತ್ರ 1.6 ಪಟ್ಟಷ್ಟೇ ಏರುತ್ತದೆ. ಎಸ್ಟ್ರಡಯಾಲ್‌ಗೆ ಹೋಲಿಸಿ ಅನುಪಾತ ತೆಗೆದಾಗ ದುರ್ಬಲ ವಸ್ತು ತನ್ನ ನಿಜವಾದ ಶಕ್ತಿಗಿಂತ ಮುಕ್ಕಾಲು ಪಾಲು ಹೆಚ್ಚು ಬಲವಾಗಿ ಕಾಣುತ್ತದೆ. ಕರ್ವ್ ನುಣುಪಾಗಿಯೇ ಇರುವುದರಿಂದ ತಪ್ಪು ಕಣ್ಣಿಗೆ ಬೀಳುವುದೂ ಇಲ್ಲ. ಕೀಟನಾಶಕ, ಪ್ಲಾಸ್ಟಿಕ್ ರಾಸಾಯನಿಕಗಳನ್ನು ಒಇಸಿಡಿಯ 493ನೇ ಮಾರ್ಗಸೂಚಿಯಂತೆ (ಈ ರಿಸೆಪ್ಟರಿಗೆ ಅಂಟುತ್ತವೆಯೇ ಎಂದು) ಪರೀಕ್ಷಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಸಕ್ರಿಯ ಪ್ರಮಾಣವನ್ನು ಅಳೆಯುವ ಕ್ರಮ ಹೀಗಿದೆ. ರಿಸೆಪ್ಟರನ್ನು ಚೆನ್ನಾಗಿ ತೆಳುವಾಗಿಸಿ, ಟ್ರಿಷಿಯಂ (ವಿಕಿರಣ ಸೂಸುವ ಹೈಡ್ರೋಜನ್) ಹಚ್ಚಿದ ಎಸ್ಟ್ರಡಯಾಲ್‌ನ ಎಂಟು ಸಾಂದ್ರತೆಗಳ ಜೊತೆ 4 ಡಿಗ್ರಿಯಲ್ಲಿ ರಾತ್ರಿಯಿಡೀ ಇಡುತ್ತೇವೆ. ಜೊತೆಗೆ 200 ಪಟ್ಟು ಸಾದಾ ಎಸ್ಟ್ರಡಯಾಲ್ ಹಾಕಿದ ಟ್ಯೂಬುಗಳೂ ಇರುತ್ತವೆ; ರಿಸೆಪ್ಟರ್ ಬಿಟ್ಟು ಬೇರೆಡೆ ಅಂಟಿದ್ದನ್ನು ತೋರಿಸುವ ಅವುಗಳ ಎಣಿಕೆಯನ್ನು ಕಳೆಯುತ್ತೇವೆ. ಮರುದಿನ ಹೈಡ್ರಾಕ್ಸಿಅಪಟೈಟ್ ಎಂಬ ಖನಿಜದ ಪುಡಿಗೆ ರಿಸೆಪ್ಟರನ್ನು ಹಿಡಿಸಿ, ತೊಳೆದು, ಎಥನಾಲ್‌ನಲ್ಲಿ ಬಿಡಿಸಿ ಎಣಿಸುತ್ತೇವೆ. ಒಂದು ಮಾತು ನೆನಪಿರಲಿ: ಲೇಬಲ್‌ನ ಸಂಖ್ಯೆ ಹಾರ್ಮೋನ್ ಕೂರುವ ಜಾಗಗಳದ್ದು, ಅಂದರೆ ಒಂಟಿ ಅಣುಗಳದ್ದು. ಡಿಎನ್‌ಎ ಮೇಲೆ ಈ ರಿಸೆಪ್ಟರ್ ಜೋಡಿಯಾಗಿ ಕೂರುತ್ತದೆ. ಜೆಲ್ ಶಿಫ್ಟ್ (ಡಿಎನ್‌ಎಗೆ ಪ್ರೋಟೀನ್ ಅಂಟುವುದನ್ನು ಜೆಲ್‌ನಲ್ಲಿ ನೋಡುವ ಪರೀಕ್ಷೆ) ಮಾಡುವವರು ಡೈಮರ್, ಅಂದರೆ ಜೋಡಿ, ಲೆಕ್ಕಕ್ಕೆ ಸಂಖ್ಯೆಯನ್ನು ಅರ್ಧ ಮಾಡಿಕೊಳ್ಳಬೇಕು.

ಇನ್ನು ಟ್ಯೂಬಿನ ವಿಷಯ. ಹಿಂದೆ 100 ಮೈಕ್ರೋಲೀಟರ್ ಇರುತ್ತಿತ್ತು. ಈಗ 20 ಮಾತ್ರ. ಪ್ರತಿ ಲಾಟನ್ನೂ 2 ಮೈಕ್ರೋಮೋಲಾರ್ ಸಕ್ರಿಯ ಪ್ರಮಾಣಕ್ಕೆ ಹೊಂದಿಸಿ ತುಂಬಿಸುವುದರಿಂದ ಒಂದು ಟ್ಯೂಬ್ ಎಂದರೆ 40 ಪಿಕೋಮೋಲ್, ಐದು ಟ್ಯೂಬಿನ ಪೆಟ್ಟಿಗೆ ಎಂದರೆ 200. ಬೆಲೆಯೂ ಇದೇ ಲೆಕ್ಕದಲ್ಲಿ. ಈ ಪ್ರೋಟೀನ್‌ಗೆ ಮತ್ತೆ ಮತ್ತೆ ಹೆಪ್ಪುಗಟ್ಟಿ ಕರಗುವುದು ಆಗಿಬರುವುದಿಲ್ಲ. ದೊಡ್ಡ ಟ್ಯೂಬ್ ಇದ್ದಾಗ ಉಳಿದದ್ದನ್ನು ಫ್ರೀಜರಿಗೆ ವಾಪಸ್ ಇಡುವ ಆಸೆ ಸಹಜ, ಪ್ರತಿ ಸಲವೂ ಒಂದಷ್ಟು ಮುದ್ದೆಯಾಗುತ್ತದೆ. 20 ಮೈಕ್ರೋಲೀಟರ್ ಟ್ಯೂಬನ್ನು ಒಮ್ಮೆ ಕರಗಿಸಿ, ಅಂದೇ ಬಳಸಿ, ಉಳಿದದ್ದನ್ನು ಬಿಟ್ಟುಬಿಡಿ.

ಕರಗಿಸುವುದು ಮಂಜುಗಡ್ಡೆಯ ಮೇಲೆ, ಅಂಗೈಯಲ್ಲಿ ಹಿಡಿದಲ್ಲ. ಹತ್ತು ಹದಿನೈದು ನಿಮಿಷ ಸಾಕು. ವೋರ್ಟೆಕ್ಸ್ ಬೇಡ, ಬೆರಳಲ್ಲಿ ಮೆಲ್ಲಗೆ ತಟ್ಟಿ, ಒಂದು ಸುತ್ತು ಸ್ಪಿನ್ ಮಾಡಿ ತಳಕ್ಕೆ ಇಳಿಸಿ. ಟ್ಯೂಬಿನ ತಳದಲ್ಲಿ ಬಿಳಿ ಚುಕ್ಕೆ ಅಥವಾ ದ್ರವದಲ್ಲಿ ಮಬ್ಬು ಕಂಡರೆ ಆ ಟ್ಯೂಬನ್ನು ಪ್ರಯೋಗಕ್ಕೆ ಬಳಸಬೇಡಿ, ನಮಗೆ ತಿಳಿಸಿ.

0.2 ನ್ಯಾನೋಮೋಲಾರ್‌ಗೆ ಇಳಿಸಬೇಕಿದ್ದರೆ 10,000 ಪಟ್ಟು ತೆಳುವಾಗಬೇಕು. ಒಂದೇ ಹೆಜ್ಜೆಯಲ್ಲಿ ಮಾಡಬೇಡಿ, ಅರ್ಧ ಮೈಕ್ರೋಲೀಟರ್ ಪಿಪೆಟ್ ಮಾಡಿದರೆ ತುದಿಯಲ್ಲಿ ಅಂಟಿದ ಹನಿಯೇ ಲೆಕ್ಕ ಕೆಡಿಸುತ್ತದೆ. 5 ಮೈಕ್ರೋಲೀಟರನ್ನು 495ಕ್ಕೆ ಹಾಕಿ ಬೆರೆಸಿ. ಅದರಿಂದ 10ನ್ನು 990ಕ್ಕೆ ಹಾಕಿ. ಎರಡೂ ಹೆಜ್ಜೆಯ ಬಫರ್‌ನಲ್ಲಿ ಮಿಲಿಲೀಟರಿಗೆ 0.1 ಮಿಲಿಗ್ರಾಂ ಬೋವೈನ್ ಗಾಮಾ ಗ್ಲಾಬ್ಯುಲಿನ್ ಇರಲಿ. ಇಷ್ಟು ತೆಳು ರಿಸೆಪ್ಟರ್ ಒಂಟಿಯಾಗಿದ್ದರೆ ಟ್ಯೂಬಿನ ಗೋಡೆಗೇ ಅಂಟಿ ಕಳೆದುಹೋಗುತ್ತದೆ. ಆಲ್ಬುಮಿನ್ ಕೂಡ ಆಗುತ್ತದೆ, ಆದರೆ ಅದು ತಾನೇ ಎಸ್ಟ್ರಡಯಾಲನ್ನು ಸಡಿಲವಾಗಿ ಹಿಡಿಯುವುದರಿಂದ ನಮ್ಮ ಒಲವು ಗ್ಲಾಬ್ಯುಲಿನ್ ಕಡೆಗೆ. ಸೇರಿಸಿದ ಟ್ರೇಸರ್‌ನಲ್ಲಿ ಶೇ. 10ಕ್ಕಿಂತ ಹೆಚ್ಚು ರಿಸೆಪ್ಟರಿಗೆ ಅಂಟಿದ್ದರೆ ರಿಸೆಪ್ಟರ್ ಇನ್ನೂ ಜಾಸ್ತಿ ಎಂದೇ ಅರ್ಥ. ಫ್ಲೋರೆಸೆನ್ಸ್ ಪೋಲರೈಸೇಷನ್ (ಹೊಳೆಯುವ ಟ್ರೇಸರ್‌ನ ಬೆಳಕಿನಿಂದ ಅಂಟುವಿಕೆ ಅಳೆಯುವ ವಿಧಾನ) ಮಾಡುವವರಿಗೆ ಈ ಮಿತಿ ಹೊಂದುವುದಿಲ್ಲ, ಅಲ್ಲಿ ಟ್ರೇಸರ್‌ನ ಬಹುಪಾಲು ಅಂಟಿರಲೇಬೇಕು. ಅವರು ಪ್ರತಿ ಲಾಟ್‌ಗೂ ರಿಸೆಪ್ಟರ್ ಟೈಟ್ರೇಷನ್ ಒಂದನ್ನು ಹಾಕಿ, ಗರಿಷ್ಠ ಏರಿಕೆಯ ಶೇ. 70-80 ಕೊಡುವ ಪ್ರಮಾಣವನ್ನು ಆರಿಸಿಕೊಳ್ಳಲಿ.

ಬಫರ್‌ನಲ್ಲಿ ಟ್ರಿಸ್, ಪೊಟ್ಯಾಸಿಯಂ ಕ್ಲೋರೈಡ್, ಶೇ. 10 ಗ್ಲಿಸರಾಲ್ ಹಾಗೆಯೇ ಇವೆ. ಆಕ್ಸಿಡೀಕರಣ ತಡೆಯಲು ಡಿಟಿಟಿ ಬದಲು 0.5 ಮಿಲಿಮೋಲಾರ್ ಟಿಸಿಇಪಿ ಬಂದಿದೆ, ಲೋಹದ ಅಯಾನುಗಳನ್ನು ಕಸಿಯುವ ಇಡಿಟಿಎ ತೆಗೆದಿದ್ದೇವೆ. ಹಾರ್ಮೋನ್ ಹಿಡಿಯುವ ಭಾಗದಲ್ಲಿ ನಾಲ್ಕು ಸಿಸ್ಟೀನ್‌ಗಳಿವೆ, ಡಿಎನ್‌ಎ ಹಿಡಿಯುವ ಭಾಗದಲ್ಲಿ ಎರಡು ಜಿಂಕ್ ಅಯಾನುಗಳನ್ನು ತಲಾ ನಾಲ್ಕು ಸಿಸ್ಟೀನ್‌ಗಳು ಹಿಡಿದಿವೆ. ಇವು ಆಕ್ಸಿಡೀಕರಣಗೊಂಡರೆ ರಿಸೆಪ್ಟರ್ ಕೆಟ್ಟಂತೆಯೇ. ಪಿಎಚ್ 8.5ರಲ್ಲಿ, 20 ಡಿಗ್ರಿಯಲ್ಲಿ ಡಿಟಿಟಿಯ ಅರ್ಧಾಯುಷ್ಯ ಒಂದೂವರೆ ಗಂಟೆಯೂ ಇಲ್ಲ. ಟಿಸಿಇಪಿ ಬಹಳ ಹೆಚ್ಚು ಹೊತ್ತು ಬಾಳುತ್ತದೆ. ಆದರೆ ನಮ್ಮ ಟಿಸಿಇಪಿ ಕಾಪಾಡುವುದು ಟ್ಯೂಬಿನೊಳಗಿನ ಸ್ಟಾಕನ್ನು ಮಾತ್ರ. 10,000 ಪಟ್ಟು ತೆಳುವಾದ ಮೇಲೆ ಅದು ಇದ್ದೂ ಇಲ್ಲದಂತೆ. ನಿಮ್ಮ ಅಸ್ಸೇ ಬಫರ್‌ಗೆ ಅಂದಂದೇ 1 ಮಿಲಿಮೋಲಾರ್ ಡಿಟಿಟಿ ಹಾಕುವುದನ್ನು ಬಿಡಬೇಡಿ. ಸಿಸ್ಟೀನ್‌ಗೆ ಅಂಟುವ ಮ್ಯಾಲಿಮೈಡ್ ಬಣ್ಣ ಹಚ್ಚುವವರು ಮೊದಲು ಡೀಸಾಲ್ಟಿಂಗ್ ಕಾಲಮ್‌ನಲ್ಲಿ ಟಿಸಿಇಪಿ ತೆಗೆಯಬೇಕು. ಪ್ರೋಟೀನ್ ಅಳೆಯಲು ಬಿಸಿಎ (ತಾಮ್ರದ ಬಣ್ಣ ನೋಡಿ ಅಳೆಯುವ ಪರೀಕ್ಷೆ) ಬೇಡ, ಟಿಸಿಇಪಿ ತಾನೇ ತಾಮ್ರವನ್ನು ಅಪಕರ್ಷಿಸಿ ಸುಳ್ಳು ಬಣ್ಣ ಕೊಡುತ್ತದೆ. ಪ್ರೋಟಿಯೇಸ್ ಇನ್ಹಿಬಿಟರ್ ಸೇರಿಸುವುದಿದ್ದರೆ ಇಡಿಟಿಎ ಇಲ್ಲದ್ದನ್ನೇ ಆರಿಸಿ.

ಪ್ರೋಟೀನ್‌ನ ಸರಣಿ ಬದಲಾಗಿಲ್ಲ. ಎಸ್‌ಎಫ್9 ಕೀಟ ಕೋಶಗಳಲ್ಲಿ ಬ್ಯಾಕುಲೋವೈರಸ್ ಮೂಲಕವೇ ತಯಾರಿ. 400ನೇ ಸ್ಥಾನದಲ್ಲಿ ಗ್ಲೈಸೀನ್ ಇದೆ, ವ್ಯಾಲೀನ್ ಅಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. 1980ರ ದಶಕದ ನಡುವೆ ಕ್ಲೋನ್ ಆದ ಎಚ್‌ಇ0 ಎಂಬ ಡಿಎನ್‌ಎಯಲ್ಲಿ ಈ ಜಾಗದಲ್ಲಿ ವ್ಯಾಲೀನ್ ಸೇರಿಕೊಂಡಿತ್ತು. ಅದು ಕ್ಲೋನಿಂಗ್‌ನಲ್ಲಿ ಆದ ತಪ್ಪೆಂದು 1989ರಲ್ಲಿ ಪ್ರಕಟವಾಯಿತು. 4 ಡಿಗ್ರಿಯಲ್ಲಿ ಆ ರಿಸೆಪ್ಟರ್ ಎಸ್ಟ್ರಡಯಾಲನ್ನು ಚೆನ್ನಾಗಿಯೇ ಹಿಡಿಯುತ್ತದೆ, 25 ಡಿಗ್ರಿಗೆ ಬಂದರೆ ಹಿಡಿತ ಸಡಿಲ. ಹಳೆಯ ಪ್ಲಾಸ್ಮಿಡ್ ಇನ್ನೂ ಫ್ರೀಜರಿನಲ್ಲಿರುವ ಲ್ಯಾಬ್‌ಗಳು ನಮ್ಮ ಪ್ರೋಟೀನ್‌ನೊಂದಿಗೆ ಹೋಲಿಸುವ ಮುನ್ನ ಆ ಒಂದು ಕೋಡಾನ್ ಸೀಕ್ವೆನ್ಸ್ ಮಾಡಿಸಿ ನೋಡಿ.

ಪಾರ್ಸೆಲ್ ಡ್ರೈ ಐಸ್‌ನಲ್ಲೇ ಬರುತ್ತದೆ. ಡ್ರೈ ಐಸ್ ಎಂದರೆ ಗಟ್ಟಿ ಕಾರ್ಬನ್ ಡೈಆಕ್ಸೈಡ್. ಆ ಅನಿಲ ಮುಚ್ಚಳದ ಸಂದಿಯಿಂದ ಟ್ಯೂಬಿನೊಳಗೆ ಸೇರಿಕೊಳ್ಳಬಲ್ಲದು, ಕೂಡಲೇ ಕರಗಿಸಿದರೆ ದ್ರವದಲ್ಲಿ ಕರಗಿ ಪಿಎಚ್ ಇಳಿಸುತ್ತದೆ. ಅದಕ್ಕೇ ಈಗ ರಬ್ಬರ್ ರಿಂಗ್ ಇರುವ ತಿರುಪು ಮುಚ್ಚಳ ಹಾಕಿದ್ದೇವೆ. ಆದರೂ ಬಂದ ದಿನವೇ ಬಳಸದೆ ಎರಡು ದಿನ −80 ಡಿಗ್ರಿ ಫ್ರೀಜರಿನಲ್ಲಿಟ್ಟು ಆಮೇಲೆ ಕರಗಿಸಿ. ಫ್ರಾಸ್ಟ್-ಫ್ರೀ ಫ್ರೀಜರ್ ಬೇಡವೇ ಬೇಡ, ಅದು ಮಂಜು ಕರಗಿಸಲು ಆಗಾಗ ಬೆಚ್ಚಗಾಗುತ್ತದೆ. ಪೆಟ್ಟಿಗೆ ತೆರೆದಾಗ ಡ್ರೈ ಐಸ್ ಪೂರ್ತಿ ಆವಿಯಾಗಿದ್ದರೆ ಫೋಟೋ ತೆಗೆದು ಅಂದೇ ಕಳಿಸಿ, ಬೇರೆ ಪೆಟ್ಟಿಗೆ ಕಳಿಸುತ್ತೇವೆ.

ನಿಮ್ಮಲ್ಲಿ ಹಳೆಯ ಲೇಬಲ್‌ನ ಟ್ಯೂಬುಗಳು ಉಳಿದಿದ್ದರೆ ಎಸೆಯಬೇಡಿ. ಲಾಟ್ ಸಂಖ್ಯೆ ಬರೆದು ಕಳಿಸಿದರೆ ಅದರ ಸಕ್ರಿಯ ಪ್ರಮಾಣ ಎಷ್ಟೆಂದು ತಿಳಿಸುತ್ತೇವೆ. ಅಧ್ಯಯನ ಅರ್ಧ ದಾರಿಯಲ್ಲಿರುವವರು ಒಂದೇ ಪ್ಲೇಟಿನಲ್ಲಿ ಹಳೆಯದನ್ನೂ ಹೊಸದನ್ನೂ ಎಸ್ಟ್ರಡಯಾಲ್ ಕರ್ವ್‌ನೊಂದಿಗೆ ಒಮ್ಮೆ ನಡೆಸಿ ನೋಡಿ. ಆ ಒಂದು ಹೋಲಿಕೆಗೆ ಬೇಕಾದ ಹೊಸ ಟ್ಯೂಬಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಕೋರಿಕೆಯಲ್ಲಿ ನೀವು ಮಾಡುವ ಅಸ್ಸೇ ಯಾವುದೆಂದು ಬರೆಯಿರಿ. ಈ ಪ್ರೋಟೀನ್ ಎಂದಿನಂತೆ ಸಂಶೋಧನೆಗೆ ಮಾತ್ರ, ರೋಗಪತ್ತೆಗಾಗಲೀ ಚಿಕಿತ್ಸೆಗಾಗಲೀ ಅಲ್ಲ.

ಇಂತಿ ನಿಮ್ಮ,
ಪ್ರೋಟೀನ್ ತಯಾರಿಕೆ ಮತ್ತು ಗುಣಮಟ್ಟ ವಿಭಾಗ