ಸೊಂಟಕ್ಕೆ ಶಾಖ: ಕುದಿಯುವ ನೀರು ಬೇಡ

ಮಾನ್ಯರೇ,

ಚಳಿ ಬಿದ್ದರೆ ಸೊಂಟ ಹಿಡಿದವರ ಮನೆಯಲ್ಲಿ ಬಿಸಿನೀರಿನ ರಬ್ಬರ್ ಚೀಲ ಹೊರಬರುತ್ತದೆ. ಬಿಗಿದ ಸ್ನಾಯು ಸಡಿಲವಾಗಲು ಶಾಖ ಒಳ್ಳೆಯದೇ. ಆದರೆ ಎಷ್ಟೋ ಕಡೆ ಒಲೆಯಿಂದ ಇಳಿಸಿದ ಕುದಿನೀರನ್ನೇ ಚೀಲಕ್ಕೆ ಸುರಿಯುತ್ತಾರೆ. ಚುರುಗುಟ್ಟಿದರೇ ನೋವು ಹೋಗುತ್ತದೆ ಎಂಬ ನಂಬಿಕೆ ತಪ್ಪು. 60 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಚರ್ಮ ಕೆಲವೇ ಸೆಕೆಂಡುಗಳಲ್ಲಿ ಸುಡುತ್ತದೆ. ಬರೀ 44 ಡಿಗ್ರಿಯಾದರೂ ಸುಮಾರು 6 ಗಂಟೆ ತಾಗಿಕೊಂಡೇ ಇದ್ದರೆ ಸುಡುತ್ತದೆ. ಹೀಟಿಂಗ್ ಪ್ಯಾಡ್ ಹಾಕಿಕೊಂಡೇ ನಿದ್ದೆ ಹೋದವರಿಗೆ ಬೆಳಗ್ಗೆ ಬೊಬ್ಬೆ ಏಳುವುದು ಹೀಗೆ. ಅದರ ಮೇಲೆ ಮಲಗಿದರಂತೂ ಮೈಭಾರಕ್ಕೆ ರಕ್ತಸಂಚಾರ ತಗ್ಗಿ ಬಿಸಿ ಅಲ್ಲೇ ಕೂಡಿಕೊಳ್ಳುತ್ತದೆ.

ಕುದಿದ ನೀರನ್ನು ಆರಲು ಬಿಡಿ, ಇಲ್ಲವೇ ತಣ್ಣೀರು ಬೆರೆಸಿ. ಚೀಲವನ್ನು ಮೂರರಲ್ಲಿ ಎರಡು ಪಾಲು ಮಾತ್ರ ತುಂಬಿಸಿ. ನೀರು ಬಾಯಿಯ ಹತ್ತಿರ ಬರುವವರೆಗೆ ಮೆಲ್ಲಗೆ ಒತ್ತಿ ಗಾಳಿ ತೆಗೆದು ಬಿರಡೆ ತಿರುಗಿಸಿ. ಗಾಳಿ ಉಳಿದರೆ ಚೀಲ ಉಬ್ಬಿ ಬೆನ್ನಿಗೆ ಸರಿಯಾಗಿ ಕೂರುವುದಿಲ್ಲ. ಸಿಂಕಿನ ಮೇಲೆ ತಲೆಕೆಳಗಾಗಿ ಹಿಡಿದು ನೋಡಿ. ಹನಿ ಜಿನುಗಿದರೆ ವಾಷರ್ ಸವೆದಿರಬಹುದು, ಬಳಸಬೇಡಿ. ಒಣ ಟವೆಲ್ ಸುತ್ತಿ, ಬೋರಲು ಅಥವಾ ಮಗ್ಗುಲಾಗಿ ಮಲಗಿದವರಿಗೆ 15ರಿಂದ 20 ನಿಮಿಷ ಇಟ್ಟರೆ ಸಾಕು. ನಡುವೆ ತೆಗೆದು ಚರ್ಮ ನೋಡುತ್ತಿರಿ.

ಕೆಲವು ಚೀಲಗಳ ಬಾಯಿಯ ಬಳಿ ಹೂವಿನಂಥ ಅಚ್ಚು ಇರುತ್ತದೆ. 12 ಎಸಳು ಎಂದರೆ 12 ತಿಂಗಳು, ನಡುವಿನ ಅಂಕಿ ತಯಾರಾದ ವರ್ಷ. ಎರಡು ವರ್ಷ ಬಳಸಿದ ಚೀಲ ಬದಲಿಸಿ. ಮಡಿಕೆಯಲ್ಲಿ ರಬ್ಬರ್ ಬಿರುಕು ಬಿಟ್ಟಿದ್ದರೆ ಅದಕ್ಕೂ ಮೊದಲೇ. ಕರೆಂಟಿನ ಜೆಲ್ ಚೀಲವನ್ನು ಪ್ಲಗ್‌ನಿಂದ ತೆಗೆಯದೆ ಮೈಗೆ ತಾಗಿಸಲೇಬೇಡಿ.

ನಿಜವಾದ ಭಯ ಇರುವುದು ಸ್ಪರ್ಶ ಮಂದವಾದವರ ವಿಷಯದಲ್ಲಿ. ಹಳೆಯ ಸಕ್ಕರೆ ಕಾಯಿಲೆಯವರು, ಪಾರ್ಶ್ವವಾಯು ಬಡಿದವರು, ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸಿಸೇರಿಯನ್ ಆದ ಬಾಣಂತಿಯರು: "ಬಿಸಿ ಜಾಸ್ತಿಯಾದರೆ ಹೇಳಿ" ಎಂದರೆ ಇವರಿಗೆ ಗೊತ್ತೇ ಆಗುವುದಿಲ್ಲ. ಬಾಣಂತಿಗೆ ಸ್ಪರ್ಶ ಪೂರ್ತಿ ಮರಳುವವರೆಗೆ ಕಾಯಿರಿ. ಉಳಿದಿಬ್ಬರಿಗೆ ವೈದ್ಯರನ್ನು ಕೇಳದೆ ಶಾಖ ಬೇಡ. ನೋವಿನ ಮುಲಾಮು ಹಚ್ಚಿದ ಜಾಗಕ್ಕೂ, ಔಷಧದ ಪಟ್ಟಿ ಅಂಟಿಸಿದ ಕಡೆಗೂ ಬೇಡ. ಮೆಡಿಕಲ್ ಶಾಪಿನವರು ಚೀಲ ಮಾರುವಾಗ ಇಷ್ಟನ್ನು ಬಾಯಿಮಾತಿನಲ್ಲಾದರೂ ಹೇಳಬೇಕೆಂದು ಕೋರುತ್ತೇವೆ.

ಬೆನ್ನುನೋವಿನ ಜೊತೆಗೆ ಮೂತ್ರ ಕಟ್ಟಿದರೆ, ತೊಡೆಸಂದಿ ಮರಗಟ್ಟಿದರೆ, ಕಾಲಿನ ಬಲ ಕುಂದಿದರೆ ಅಥವಾ ಜ್ವರ ಬಂದರೆ ಶಾಖ ಕೊಡುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಹೊರಡಿ.

– ಫಿಸಿಯೊಥೆರಪಿಸ್ಟರು, ಹಾಸನ